ಬಾಗೇವಾಡಿಯ ಕಿವುಡು ರಿಪೀಟರ್

ಜೂನ್ ಹನ್ನೊಂದು, ಮಂಗಳವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ಇಂಡಿ ಊರಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ರೇಡಿಯೋ ಕೈಸೆಟ್ಟಿನ ಗುಂಡಿ ಒತ್ತಿ ಮುದ್ದೇಬಿಹಾಳದ ಮಾಸ್ತರರನ್ನು ಕರೆದೆ. ಉತ್ತರ ಬರಲಿಲ್ಲ. ಆ ಹೊತ್ತಿಗೆ ಅವರು ಉತ್ತರಿಸದ ಸಂಜೆ ಅದಕ್ಕೂ ಮೊದಲು ನನ್ನ ದಿನಚರಿಯಲ್ಲಿ ಒಂದೂ ಇಲ್ಲ.

ಮಾಸ್ತರರು ಹಾರ್ಮೋನಿಯಂ ಕಲಿಸಿ ನಿವೃತ್ತರಾದವರು. ಹುಟ್ಟಿನಿಂದ ಕಣ್ಣಿಲ್ಲ. ಹವ್ಯಾಸಿ ರೇಡಿಯೋ ಪರೀಕ್ಷೆಗೆ ನನಗೆ ಮೋರ್ಸ್ ಸಂಕೇತ ಕಲಿಸಿದವರು ಅವರೇ. ನಮ್ಮ ಕೈಸೆಟ್ಟುಗಳ ದನಿ ಅಷ್ಟು ದೂರ ನೇರವಾಗಿ ಮುಟ್ಟುವುದಿಲ್ಲ. ಬಸವನ ಬಾಗೇವಾಡಿಯಲ್ಲಿ ಹತ್ತಿಯ ಬೀಜ ಬಿಡಿಸುವ ಹಳೆಯ ಜಿನ್ನಿನ ನೀರಿನ ಟಾಕಿಯ ಮೇಲೆ ಒಂದು ರಿಪೀಟರ್ ಇದೆ. ಸಣ್ಣ ದನಿಯನ್ನು ಹಿಡಿದು ದೊಡ್ಡದಾಗಿ ಮರಳಿ ಬಿಡುವ ಪೆಟ್ಟಿಗೆ. ಅದು ನಮ್ಮ ಹವ್ಯಾಸಿ ರೇಡಿಯೋದವರ ರಾಷ್ಟ್ರೀಯ ಸಂಘದ್ದು. ಪರವಾನಗಿ ಸಂಘದ ಹೆಸರಿನಲ್ಲಿದೆ, ಪೆಟ್ಟಿಗೆಯ ಬೀಗವೂ ಸಂಘದ್ದೇ.

ಆ ಸಂಜೆ ಕೆಟ್ಟಿದ್ದು ಅದೇ, ಆದರೆ ಪೂರ್ತಿ ಸತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ತನ್ನ ಗುರುತನ್ನು ಮೋರ್ಸಿನಲ್ಲಿ ತಾನೇ ಹೇಳಿಕೊಳ್ಳುತ್ತಿತ್ತು. ನಾವು ಹೇಳಿದ್ದು ಮಾತ್ರ ಅದಕ್ಕೆ ಕೇಳುತ್ತಿರಲಿಲ್ಲ.

ಮಾಸ್ತರರಿಗೆ ಫೋನ್ ಮಾಡಿದೆ. "ಸದ್ಯಕ್ಕ ಫೋನ್ ಐತಲ್ರಿ," ಎಂದೆ.

"ಫೋನಿನ್ಯಾಗ ಯಾರಿಗರ ಮಾಡಬೇಕಲ್ಲವಾ. ಯಾರಿಗಿ ಮಾಡ್ಲಿ? ರೇಡಿಯೋ ಅಂದ್ರ ಊರ ಕಟ್ಟಿ ಇದ್ದಂಗಿತ್ತು. ಸುಮ್ನ ಕುಂತ್ರ ಸಿಂದಗಿಯಾಂವ ಬರ್ತಿದ್ದ, ಚಡಚಣದಾಂವ ಬಂದು ಸುಳ್ಳ ಹೇಳ್ತಿದ್ದ. ಈಗ ಆ ಡಬ್ಬಿ ಒಂದ ಮಾತಾಡ್ತೈತಿ, ತನ್ನ ಹೆಸರ ತಾನ ಹೇಳ್ಕೋತ. ನಮ್ಮೂರ ಲೀಡರ್ ಇದ್ದಂಗ."

ಸಂಘಕ್ಕೆ ಆರು ಸಲ ಇಮೇಲ್ ಬರೆದೆ. ಒಂದಕ್ಕೆ ಉತ್ತರ ಬಂತು: ವಿಷಯವನ್ನು ಭಾನುವಾರದ ಕೂಟದಲ್ಲಿ ತಿಳಿಸಿ.

ಭಾನುವಾರ ಬೆಳಿಗ್ಗೆ ದೇಶದ ಸದಸ್ಯರೆಲ್ಲ ಶಾರ್ಟ್‌ವೇವ್‌ನಲ್ಲಿ ಸೇರುತ್ತಾರೆ. ಸಂಚಾಲಕರು ಒಬ್ಬೊಬ್ಬರಿಗೂ ಅವರ ದನಿ ಹೇಗೆ ಕೇಳಿತೆಂದು ಹೇಳುವುದು ರೂಢಿ. ಐದು-ಒಂಬತ್ತು ಎಂದರೆ ಸ್ವಚ್ಛವಾಗಿ ಕೇಳಿತು ಎಂದರ್ಥ. ಮದುವೆಮನೆಯಲ್ಲಿ ಅಡಿಗೆ ಹೇಗಿತ್ತೆಂದು ಕೇಳಿದರೆ ಯಾರೂ ಉಪ್ಪಿನ ಸುದ್ದಿ ತೆಗೆಯುವುದಿಲ್ಲವಲ್ಲ, ಹಾಗೆ ನಮ್ಮವರು ಎಲ್ಲರಿಗೂ ಐದು-ಒಂಬತ್ತನ್ನೇ ಕೊಡುತ್ತಾರೆ.

ಬೇವಿನ ಮರಕ್ಕೆ ತಂತಿ ಕಟ್ಟಿದ, ರಿಪೀಟರ್ ಬೇಡದ ದೊಡ್ಡ ಸೆಟ್ಟಿನಿಂದ ನಾನು ಎಲ್ಲವನ್ನೂ ಹೇಳಿದೆ. ಬಾಗೇವಾಡಿಯ ರಿಪೀಟರ್ ಕೇಳಿಸಿಕೊಳ್ಳುತ್ತಿಲ್ಲ, ಅದನ್ನೇ ನೆಚ್ಚಿದ ಕಣ್ಣಿಲ್ಲದ ಹಿರಿಯ ಸದಸ್ಯರೊಬ್ಬರಿದ್ದಾರೆ ಎಂದೆ.

"ಐದು-ಒಂಬತ್ತು, ಬಹಳ ಸ್ಪಷ್ಟ," ಎಂದರು ಸಂಚಾಲಕರು ಹಿಂದಿಯಲ್ಲಿ. "ಹೆಸರು ಇನ್ನೊಮ್ಮೆ ಹೇಳಿ?"

ಹೇಳಿದೆ. "ಧನ್ಯವಾದ. ಮುಂದಿನವರು ಬನ್ನಿ."

ಬುಧವಾರ ಸಂಘದಿಂದ ಪತ್ರ ಬಂತು. ಸದಸ್ಯೆಯ ದನಿ ಐದು-ಒಂಬತ್ತು ಎಂದು ದಾಖಲಾಗಿದೆ, ಆದ್ದರಿಂದ ರಿಪೀಟರ್ ಸುಸ್ಥಿತಿಯಲ್ಲಿದೆ, ದೂರು ಮುಕ್ತಾಯ. ನಾನು ಮಾತಾಡಿದ್ದು ರಿಪೀಟರ್ ಮೂಲಕವೇ ಅಲ್ಲ, ಬೇರೆ ಸೆಟ್ಟಿನಿಂದ ಎಂದು ಬರೆದೆ. ಮುಚ್ಚಿದ ದೂರನ್ನು ತೆರೆಯಲು ಬರುವುದಿಲ್ಲವಂತೆ. ಹೊಸದಾಗಿ ಹೇಳುವುದಿದ್ದರೆ ಭಾನುವಾರದ ಕೂಟಕ್ಕೇ ಬರಬೇಕಂತೆ. ಇನ್ನೂ ಮೂರು ಭಾನುವಾರ ಹೋದೆ. ಮೂರಕ್ಕೂ ಐದು-ಒಂಬತ್ತು.

"ಪರೀಕ್ಷೆದಾಗೂ ನಿನಗ ಇಷ್ಟ ಮಾರ್ಕ್ಸ್ ಬಿದ್ದಿರಲಿಲ್ಲ ಬಿಡು," ಎಂದರು ಮಾಸ್ತರರು.

ಕೊನೆಗೆ ಸಿಂದಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ ಹೋದೆ. ಜಿನ್ನಿನ ಕಾವಲುಗಾರ ಟಾಕಿಯ ಮೇಲೆ ಹತ್ತಲು ಬಿಟ್ಟ. ಆಂಟೆನಾ ನೆಟ್ಟಗಿತ್ತು, ಹೊರಗಿನ ಕೇಬಲ್ಲಿಗೂ ಏನೂ ಆಗಿರಲಿಲ್ಲ. ಕೆಟ್ಟದ್ದು ಬೀಗ ಹಾಕಿದ ಪೆಟ್ಟಿಗೆಯ ಒಳಗೇ ಇರಬೇಕು.

"ಕೀಲಿ ನಮ್ಮ ಕಡಿ ಇಲ್ಲ ತಂಗಿ," ಎಂದು ಅವನು ಕೆಳಗಿನಿಂದಲೇ ಕೂಗಿದ. "ಯಾರೋ ಸಾಹೇಬ್ರು ಬಂದು ಹಾಕಿ ಹೋಗ್ಯಾರ. ಒಡದಿ ಅಂದ್ರ ನಿನ್ನೂ ಹಿಡೀತಾರ, ನನ್ನೂ ಹಿಡೀತಾರ."

ಪೆಟ್ಟಿಗೆಗೆ ಕಿವಿ ಹಚ್ಚಿದೆ. ಒಳಗೆ ಪಂಖ ತಿರುಗುತ್ತಿತ್ತು. ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು. ತೆಗೆಯದೆ ಇಳಿದು ಬಂದೆ.

ನಿನ್ನೆ ಮಾಸ್ತರರಿಗೆ ಫೋನ್ ಮಾಡಿದಾಗ ಸೆಟ್ಟಿನ ಬ್ಯಾಟರಿ ತೆಗೆದಿಟ್ಟಿದ್ದೇನೆ ಎಂದರು. "ಹಂಗಽ ಬಿಟ್ರ ಉಬ್ಬತೈತಿ ಅಂತಾರ. ಸಂಜಿಗಿ ಈಗ ಲಗೂನ ಮಲಗ್ತೇನಿ."



ಬಾಗೇವಾಡಿಯ ಆ ಬೀಗದ ಕೀಲಿ ಯಾರ ಹತ್ತಿರ ಇದೆ, ಸಂಘದಲ್ಲಿ ಮುಚ್ಚಿದ ದೂರನ್ನು ತೆರೆಸುವವರು ಯಾರು ಎಂಬುದು ಗೊತ್ತಿರುವವರು ಈ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ನನಗೊಂದು ಸಾಲು ಬರೆಯಬೇಕು. ಅರೆಬರೆ ಗೊತ್ತಿದ್ದರೂ ನಡೆಯುತ್ತದೆ.