ಅಕ್ಕ ಮುಂದೆ, ಚಿಕ್ಕಮ್ಮಣ್ಣಿ ಹಿಂದೆ

ಚಿಕ್ಕಮ್ಮಣ್ಣಿ ಎಪ್ಪತ್ತು ದಾಟಿದವರು, ಆದರೂ ಚಿಕ್ಕವರೇ. ಬಾಗಿಲವರೆಗೆ ಬಂದು ಹೊಸಿಲಿನ ಒಳಗೇ ನಿಂತುಬಿಡುತ್ತಿದ್ದರು, ಕಾಲಿಗೆ ಯಾರೋ ಹಗ್ಗ ಕಟ್ಟಿದ ಹಾಗೆ. ಓರಗಿತ್ತಿ ದೊಡ್ಡಮ್ಮಣ್ಣಿ ದಾಟದೆ ಅವರು ದಾಟುವಂತಿರಲಿಲ್ಲ. ಹಿರಿಸೊಸೆ ಮುಂದೆ, ಕಿರಿಸೊಸೆ ಹಿಂದೆ. ಅದು ಆ ಪಾಳೆಯಗಾರರ ಮನೆತನದ ಕಟ್ಟಳೆ. ಪಾಳೆಯ ಹೋಗಿ, ಹೊಲ ಹೋಗಿ, ಗಂಡಂದಿರೂ ಹೋಗಿ, ವೈಟ್‌ಫೀಲ್ಡಿನ ಟೆಕ್‌ಪಾರ್ಕಿನ ಕಾಂಪೌಂಡಿಗೆ ಅಂಟಿಕೊಂಡ ಒಂದು ಮನೆಯಷ್ಟೇ ಉಳಿದಿತ್ತು. ಕಟ್ಟಳೆ ಮಾತ್ರ ಕಲ್ಲಿನಂತಿತ್ತು. ಮಹಡಿಯಲ್ಲಿ ಬಾಡಿಗೆಗಿದ್ದ ನಾನು ದಿನವೂ ನೋಡಿ ಉರಿದುಕೊಳ್ಳುತ್ತಿದ್ದೆ.

ಒಂದು ಚುನಾವಣೆಯಲ್ಲಿ ಚಿಕ್ಕಮ್ಮಣ್ಣಿಯ ಸರದಿ ಮೊದಲು ಬಂತು. ದೊಡ್ಡವರು ಮಂಡಿನೋವೆಂದು ಹೊರಗೆ ಜಗಲಿಯ ಮೇಲೆ ಕೂತಿದ್ದರು. "ಬನ್ನಿ ಅಜ್ಜಿ" ಎಂದು ಮತಗಟ್ಟೆಯವರು ಕರೆದರೆ ಇವರು ಕದಲಲಿಲ್ಲ.

"ಅಕ್ಕ ಮುಂದೆ ಹೋಗ್ಲಿ ಸಾರ್. ಆಮ್ಯಾಕೆ ನಾನು."

ಹಿಂದಿದ್ದವರು ಗೊಣಗಿದರು. ದೊಡ್ಡಮ್ಮಣ್ಣಿ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಬರುವವರೆಗೂ ಸಾಲು ನಿಂತೇ ಇತ್ತು. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಆಮೇಲೆ ದೊಡ್ಡಮ್ಮಣ್ಣಿ ಬಚ್ಚಲಲ್ಲಿ ಜಾರಿ, ಸೊಂಟ ಮುರಿದು ಹಾಸಿಗೆ ಹಿಡಿದರು. ಅಲ್ಲಿಗೆ ಚಿಕ್ಕಮ್ಮಣ್ಣಿಯ ಓಡಾಟವೂ ನಿಂತಿತು. ಅದೇ ಹೊತ್ತಿಗೆ ಸಿಂಗಸಂದ್ರದಲ್ಲಿದ್ದ ಅವರ ಒಡಹುಟ್ಟಿದ ತಂಗಿಗೆ ಕಾಯಿಲೆ ಜೋರಾಯಿತು. ಒಂದು ಸಲ ಮುಖ ತೋರಿಸಿ ಹೋಗು ಎಂದು ತಂಗಿ ಫೋನಿನಲ್ಲಿ ಅಳುತ್ತಿದ್ದಳು.

"ಕ್ಯಾಬ್ ಕರೆಸ್ತೀನಿ, ನೋಡ್ಕೊಂಡು ಬನ್ನಿ" ಎಂದೆ.

ಅವರು ಒಳಗೆ ಹೋಗಿ ಕೇಳಿದರು. ದೊಡ್ಡಮ್ಮಣ್ಣಿ ಎಂದೂ ಬೇಡ ಎನ್ನುತ್ತಿರಲಿಲ್ಲ. "ತಡಿಯೇ, ನಾನೂ ಬತ್ತೀನಿ. ಸೊಂಟ ಒಂಚೂರು ಕೂಡ್ಕಳ್ಳಿ" ಎನ್ನುತ್ತಿದ್ದರು. ಯಾವಾಗ ಕೇಳಿದರೂ ಇದೇ ಉತ್ತರ.

"ಅವರು ಏಳಲ್ಲ ಅಂತ ನಿಮಗೂ ಗೊತ್ತು" ಎಂದು ರೇಗಿದೆ.

"ಗೊತ್ತು ಕಣಮ್ಮ. ಬಿಟ್ಟೋದ್ರೆ, ಆವಮ್ಮ ಏಳಲ್ಲ ಅಂತ ನಾನೇ ಸಾರಿದಂಗಾಗಲ್ವಾ?"

ಪಾಪ ಅನ್ನಿಸಿತು, ಇಬ್ಬರ ಮೇಲೂ.

ಒಂದು ಬೆಳಗ್ಗೆ ದೊಡ್ಡಮ್ಮಣ್ಣಿ ತೀರಿಕೊಂಡರು. ನೆಂಟರು ಚಟ್ಟ ಎತ್ತಿ ಹೊಸಿಲು ದಾಟಿಸಿದರು. ಹಿಂದೆಯೇ ಚಿಕ್ಕಮ್ಮಣ್ಣಿ ಬಂದು ಚಪ್ಪಲಿ ಮೆಟ್ಟಿದರು. ಹೆಂಗಸರು ಮಸಣಕ್ಕೆ ಹೋಗುವುದುಂಟೇ ಎಂದು ಯಾರೋ ತಡೆದರು. ಅವರು ಕಿವಿಗೆ ಹಾಕಿಕೊಳ್ಳದೆ ಗೇಟಿನವರೆಗೆ ನಡೆದರು. ಚಟ್ಟ ರಸ್ತೆಯ ತಿರುವು ದಾಟುವ ತನಕ ಕೈಮುಗಿದು ನಿಂತಿದ್ದರು.

"ಸಿಂಗಸಂದ್ರಕ್ಕೆ ಗಾಡಿ ಕರಿಯಮ್ಮ" ಎಂದರು.

"ಸೂತಕ ಅಲ್ವಾ?" ಎಂದೆ. ಅಷ್ಟು ದಿನ ಕಟ್ಟಳೆಯನ್ನು ಬೈದವಳು ನಾನೇ.

"ಅಕ್ಕ ಹೊರಟಾಯ್ತಲ್ಲ."

ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು. ಅವರು ಅಲ್ಲಿಗೆ ತಲುಪಿದಾಗ ತಂಗಿಗೆ ಇನ್ನೂ ಉಸಿರಿತ್ತಂತೆ. ಆ ಉಸಿರು ನಿಂತ ಮೇಲೂ ಚಿಕ್ಕಮ್ಮಣ್ಣಿ ಈ ಮನೆಗೆ ಹಿಂದಿರುಗಲಿಲ್ಲ.