ಡಾಕ್ಟರು ಬೇಡವೆಂದ ಬೆಟ್ಟ

ಹೇಮಕುಂಡ್ ಸಾಹಿಬ್ ಗುರುದ್ವಾರ ಹದಿನೈದು ಸಾವಿರ ಅಡಿ ಎತ್ತರದಲ್ಲಿದೆ ಎಂದು ತಿಳಿದ ದಿನವೇ, ಸಿ.ವಿ. ರಾಮನ್ ನಗರದ ನಮ್ಮ ಎರಡನೆಯ ಮಹಡಿಯಲ್ಲಿ ಕೂತಲ್ಲೇ ನನಗೆ ಉಸಿರು ಕಟ್ಟಿತು. ಆದರೂ ಹೋಗಬೇಕೆಂದು ಹಟ ಹಿಡಿದವನು ನಾನೇ. ಹಲಸೂರಿನಲ್ಲೇ ಹುಟ್ಟಿ ಬೆಳೆದ ಸಿಖ್ ಗೆಳೆಯನೊಬ್ಬ ನನಗೆ ಶಾಲೆಯಿಂದಲೂ ಜೊತೆ. ತನ್ನಪ್ಪ ಅಲ್ಲಿಗೆ ಹೋಗಿಬಂದ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದನೋ: ಹಿಮದ ನಡುವೆ ಕೊಳ, ಅದರಲ್ಲೊಂದು ಮುಳುಗು, ಆಮೇಲೆ ಕೈಗೆ ಬಿಸಿ ಖಿಚಡಿ. ಐವತ್ತೆರಡು ವರ್ಷ ಎಲ್ಲದಕ್ಕೂ ಹೆದರಿ ಹಿಂದೆ ಸರಿದವನಿಗೆ, ಒಮ್ಮೆಯಾದರೂ ಹೆದರುತ್ತಲೇ ಒಂದು ಬೆಟ್ಟ ಹತ್ತಿಬಿಡುವ ಆಸೆ.

ಗೆಳೆಯ, ಅವನ ಹೆಂಡತಿ, ನನ್ನ ಹೆಂಡತಿ, ನಾನು ಹೊರಡುವುದೆಂದಾಯಿತು. ಭಾನುವಾರ ಬೆಳಿಗ್ಗೆ ಹಲಸೂರು ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಮೇಲೆ ತಾಲೀಮು. ನನ್ನ ಬೆನ್ನಚೀಲದಲ್ಲಿ ಐದು ಕಿಲೋ ಅಕ್ಕಿ. ಮೂರನೆಯ ಸಲ ಹತ್ತುವಾಗ ಸೆಕ್ಯೂರಿಟಿಯವನು ತಡೆದ.

"ಎಲ್ಲಿಗೆ ಹೋಗ್ಬೇಕು ಸಾರ್?"

"ಹಿಮಾಲಯಕ್ಕೆ," ಎಂದ ಗೆಳೆಯ. "ಇವನಿಗೆ ಲಿಫ್ಟ್ ಮಾತ್ರ ತೋರಿಸ್ಬೇಡಿ."

ಹೆಂಡತಿ ಸರಸರನೆ ಮೇಲೆ ಹೋಗಿ ನಿಂತಿರುತ್ತಿದ್ದಳು. ನಾನು ಕೆಳಗಿನಿಂದಲೇ, ನಿನ್ನ ಮಂಡಿ ಜೋಪಾನ, ಅಲ್ಲಿ ಕುದುರೆ ಜಾರಿದರೆ ಏನು ಗತಿ, ದಾರಿಯಲ್ಲಿ ಬಂಡೆ ಉರುಳಿದರೆ ಎಂದು ಕೂಗುತ್ತಿದ್ದೆ.

"ಮಗಾ, ನಾವು ಯಾತ್ರೆ ಹೊರಟಿದೀವಿ. ನೀನು ಇನ್ಶೂರೆನ್ಸ್ ಫಾರಂ ಓದ್ತಿದೀಯ," ಎನ್ನುತ್ತಿದ್ದ ಗೆಳೆಯ.

ನನಗೆ ಬಿ.ಪಿ. ಇರುವುದರಿಂದ ಇಂದಿರಾನಗರದ ಹೃದಯದ ಡಾಕ್ಟರ ಬಳಿ ಟ್ರೆಡ್‌ಮಿಲ್ ಮೇಲೆ ಓಡಿಬಂದೆ. ಮರುದಿನ ರಿಪೋರ್ಟ್ ತರಲು ಧೈರ್ಯವಾಗದೆ ಹೆಂಡತಿಯನ್ನು ಕಳಿಸಿದೆ. ಅವಳು ಬಂದು ಫೈಲನ್ನು ಫ್ರಿಜ್ಜಿನ ಮೇಲಿಟ್ಟಳು.

"ಬೇಡ ಅಂದ್ರು ರೀ. ಅಷ್ಟು ಎತ್ತರ ನಿಮಗಾಗಲ್ವಂತೆ."

ಮಲಗುವ ಮುಂಚೆ ಗ್ಯಾಸ್ ಆರಿದೆಯೇ ಎಂದು ಮೂರು ಸಲ ನೋಡುವವನು ನಾನು. ಆ ಫೈಲನ್ನು ಮಾತ್ರ ಒಂದು ಸಲವೂ ತೆರೆಯಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಎದೆ ಹಗುರಾಯಿತು, ದುಃಖ ಬಂದದ್ದು ಅರ್ಧ ಗಂಟೆ ತಡವಾಗಿ. ನನ್ನಿಂದಾಗಿ ನೀವ್ಯಾಕೆ ನಿಲ್ಲಬೇಕು, ಹೋಗಿಬನ್ನಿ ಎಂದು ಉಳಿದ ಮೂವರನ್ನೂ ಒತ್ತಾಯಿಸಿದೆ. ಗೆಳೆಯ ನನ್ನನ್ನು ತಬ್ಬಿಕೊಂಡ, ಮುಖ ನೋಡಲಿಲ್ಲ. ಪಾಪ, ಎಷ್ಟು ಬೇಜಾರಾಗಿದೆ ಇವನಿಗೆ ಅಂದುಕೊಂಡೆ.

ಅವರು ಹೊರಡಲು ವಾರವಿದ್ದಾಗ, ದಾರಿಗೆಂದು ಬಾದಾಮಿ ಕೊಳ್ಳಲು ರಸೆಲ್ ಮಾರುಕಟ್ಟೆಗೆ ಹೋದೆ. ಪಕ್ಕದ ಅಂಗಡಿಯಲ್ಲಿ ಅದೇ ಡಾಕ್ಟರು ಪರಂಗಿ ಹಣ್ಣು ಒತ್ತಿ ನೋಡುತ್ತಿದ್ದರು.

"ಏನ್ರೀ, ಯಾತ್ರೆ ಯಾವಾಗ?"

"ನೀವೇ ಬೇಡ ಅಂದ್ರಲ್ಲ ಡಾಕ್ಟ್ರೇ."

"ನಾನಾ? ಮಾತ್ರೆ ಬಿಡದೆ ನಿಧಾನಕ್ಕೆ ಹತ್ತಿ ಅಂತ ಬರೆದೇ ಕೊಟ್ಟಿದೀನಲ್ರೀ!"

"ಸಾಬ್, ಅಂಜೂರ ಭೀ ಹಾಕ್ಲಾ?" ಎಂದ ಬಾದಾಮಿ ಅಂಗಡಿಯವನು. ಹಾಕಿ ಎಂದೆ.

ಮನೆಗೆ ಬಂದು ಫೈಲು ತೆರೆದೆ. ಡಾಕ್ಟರು ಹೇಳಿದ್ದೇ ಅಲ್ಲಿತ್ತು, ಕೆಳಗೆ ಗೆರೆ ಎಳೆದು. ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಕೈ ನಿಲ್ಲಿಸಿದಳು, ಸಬೂಬು ಹೇಳಲಿಲ್ಲ.

"ಹೌದು, ಸುಳ್ಳು ಹೇಳ್ದೆ. ನಿಮ್ಮ ಜೊತೆ ಬಂದ್ರೆ ನಾನು ಬೆಟ್ಟ ನೋಡಲ್ಲ ರೀ. ನಿಮ್ಮ ಮುಖ ನೋಡ್ಕೊಂಡೇ ಹತ್ತಿ, ನಿಮ್ಮ ಮುಖ ನೋಡ್ಕೊಂಡೇ ಇಳೀತೀನಿ. ಊಟಿಲೂ ಅದೇ ಆಯ್ತು, ಕಾಶಿಲೂ ಅದೇ ಆಯ್ತು."

"ಅವನಿಗೆ ಗೊತ್ತಾ?"

"ಗೊತ್ತು."

ಗೆಳೆಯನಿಗೆ ಫೋನು ಮಾಡಿದೆ. ನಂಬರು ಒತ್ತುವಾಗ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ; ಡಾಕ್ಟರು ಸಿಕ್ಕಿದ್ದರು ಎಂದಷ್ಟೇ ಹೇಳಿದೆ.

"ಭಾಭಿ ಕೇಳ್ಕೊಂಡ್ರು ಗುರು. ಇಲ್ಲ ಅನ್ನೋಕಾಗ್ಲಿಲ್ಲ. ಬೈದ್ಬಿಡು."

"ನಿನಗೂ ನಾನು ಭಾರ ಅನ್ನಿಸ್ತಾ?"

ಅವನ ಮನೆಯ ಕುಕ್ಕರ್ ಎರಡು ಸಲ ಕೂಗಿತು. ಹೆಂಡತಿಯ ಸುಳ್ಳನ್ನಾದರೂ ನುಂಗಬಹುದಿತ್ತು, ಅವಳು ಕಾರಣ ಹೇಳಿದ್ದಳು. ಇವನು, ಭಾರ ಅನ್ನಿಸಿಲ್ಲ ಎಂದು ಒಂದು ಸುಳ್ಳನ್ನೂ ಹೇಳಲಿಲ್ಲ.

"ಈಗ್ಲೂ ಬನ್ನಿ, ಹೆಸರು ಸೇರಿಸ್ಬಹುದು," ಎಂದಳು ಹೆಂಡತಿ. ಬರುವುದಿಲ್ಲ ಎಂದೆ. ಹೋಗಿದ್ದರೆ, ಹೆದರಿಕೆಯಾಗುತ್ತಿಲ್ಲವೆಂದು ಹೆಜ್ಜೆ ಹೆಜ್ಜೆಗೂ ನಟಿಸಬೇಕಿತ್ತು. ಹೆದರುವುದಕ್ಕೂ ಸ್ವಾತಂತ್ರ್ಯವಿಲ್ಲದ ಕಡೆ ನಾನು ಹೋಗಿ ಮಾಡುವುದೇನು?

ಅವರು ಹೋದರು. ಒಂದು ಮಧ್ಯಾಹ್ನ ಘಾಂಘರಿಯಾದಿಂದ ಹೆಂಡತಿಯ ಫೋನು ಬಂತು. ಬೆಟ್ಟ ಹತ್ತುವ ಹಿಂದಿನ ದಿನ ಯಾತ್ರಿಕರು ತಂಗುವ ಜಾಗ ಅದು.

"ನಾಳೆ ಬೆಳಿಗ್ಗೆ ಮೇಲಕ್ಕೆ ಹೊರಡ್ತೀವಿ. ತುಂಬಾ ಚಳಿ ರೀ ಇಲ್ಲಿ."

ಕಾಲುಚೀಲ ಒದ್ದೆಯಾಗಿದೆಯೇ, ತಲೆ ಸುತ್ತುತ್ತಿದೆಯೇ, ದಾರಿಯಲ್ಲಿ ಹಿಮ ಕರಗಿದೆಯೇ: ಪ್ರಶ್ನೆಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು. "ಸರಿ," ಎಂದೆ.

"ಏನೂ ಕೇಳಲ್ವಾ?"

"ಇಲ್ಲ."

ಸೇಡು ತೀರಿಸಿಕೊಳ್ಳಲು ನನ್ನ ಬಳಿ ಇದ್ದದ್ದು ಅದೊಂದೇ. ಅವಳು ಫೋನಿಡಲಿಲ್ಲ. ಉಸಿರು ಕೇಳಿಸುತ್ತಿತ್ತು, ತುಸು ಜೋರಾಗಿಯೇ. ಬಾಯಿ ಬಿಗಿಹಿಡಿದು, ನಿಮಿಷಕ್ಕೆ ಎಷ್ಟು ಎಂದು ಗೋಡೆ ಗಡಿಯಾರ ನೋಡಿ ಎಣಿಸುತ್ತಾ ಕೂತೆ.