ಕಿವಿಯಣ್ಣ ಅಳಿಸಿದ ಕರೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಕಿವಿಯಣ್ಣನಿಗೆ ಆ ಹೆಸರು ಬಂದದ್ದು ಕಿವಿಯ ಗಾತ್ರದಿಂದಲ್ಲ. ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ. ಮೂರು ಬೀದಿಯಾಚೆ ಯಾರದೋ ಯಂತ್ರದ ಸೂಜಿ ವಾರೆಯಾದರೆ ಇಲ್ಲಿ ಇವನಿಗೆ ಊಟದ ನಡುವೆ ಬಿಕ್ಕಳಿಕೆ ಬರುತ್ತಿತ್ತು ಎನ್ನುವವರಿದ್ದಾರೆ. ಸುಳ್ಳು ಹೇಳಬಾರದು, ಎರಡೇ ಬೀದಿ.

ಕೈ ಸದಾ ಎಣ್ಣೆಯಲ್ಲಿರುತ್ತಿದ್ದರಿಂದ ಕೆಲಸದ ಹೊತ್ತಿನಲ್ಲಿ ಅವನು ಫೋನ್ ಎತ್ತುತ್ತಿರಲಿಲ್ಲ. ಗಿರಾಕಿಗಳಿಗೂ ಅದು ಗೊತ್ತು. ವಾಯ್ಸ್‌ಮೇಲ್ ಶುರುವಾದ ಕೂಡಲೇ ಫೋನನ್ನು ಯಂತ್ರದ ಪಕ್ಕ ಹಿಡಿದು, ಅರ್ಧ ನಿಮಿಷ ತುಳಿದು, ವಿಳಾಸ ಹೇಳಿ ಇಟ್ಟುಬಿಡುವರು. ಸಂಜೆ ಕಿವಿಯಣ್ಣ ಕೈ ತೊಳೆದು, ಕಣ್ಣು ಮುಚ್ಚಿ, ಒಂದೊಂದನ್ನೂ ಕೇಳುವನು. "ಇದಕ್ಕೆ ಬೆಲ್ಟು. ಇದಕ್ಕೆ ಬಾಬಿನ್ನು. ಇದಕ್ಕೆ ಏನೂ ಆಗಿಲ್ಲ, ತುಳಿಯೋರಿಗೆ ಸಿಟ್ಟು ಬಂದಿದೆ ಅಷ್ಟೆ."

ಮನೆಯಲ್ಲಿ ಅವನೊಬ್ಬ, ಅವನ ಅಕ್ಕ ಒಬ್ಬಳು. ಅಕ್ಕ ಅಂಗಿಗಳಿಗೆ ಗುಂಡಿಯ ಕಾಜಾ ಹಾಕಿಕೊಡುವವಳು. ಎರಡೂ ಕಣ್ಣಿಗೆ ಪೊರೆ ಬಂದು, ಹೋದ ತಿಂಗಳು ಯಾರದೋ ಅಂಗಿಯ ಬೆನ್ನಿಗೆ ಏಳು ಕಾಜಾ ಹಾಕಿದ್ದಳು. ಕೆಲಸ ಕೊಡುತ್ತಿದ್ದ ದರ್ಜಿ, "ಕಣ್ಣು ಮಾಡಿಸ್ಕೊಂಡು ಬನ್ನಿ ಅಕ್ಕಾ, ಆಮೇಲೆ ನೋಡೋಣ" ಎಂದು ಕೈಮುಗಿದಿದ್ದ. ಆಪರೇಷನ್ನಿನ ದಿನವನ್ನು ಫೋನಿನಲ್ಲಿ ತಿಳಿಸುತ್ತೇವೆ, ಎರಡು ದಿನದೊಳಗೆ ಒಪ್ಪಿಗೆ ಹೇಳದಿದ್ದರೆ ಸರದಿ ಮುಂದಿನವರಿಗೆ ಎಂದರು ಕಣ್ಣಾಸ್ಪತ್ರೆಯವರು. ಅಕ್ಕ ತಮ್ಮನ ನಂಬರು ಕೊಟ್ಟು ಬಂದಳು.

ಅದೇ ವಾರ ಆರೋಗ್ಯ ವಿಮೆಯ ಹೆಂಗಸೊಬ್ಬಳು ಗಂಟುಬಿದ್ದಳು. "ನಿಮ್ಮ ಆರೋಗ್ಯದ ಬಗ್ಗೆ ಮುಖ್ಯ ಮಾಹಿತಿ. ನಿಮ್ಮ ವಿಮೆ ಇಂದೇ ಮುಗಿಯುತ್ತದೆ. ಒಂದನ್ನು ಒತ್ತಿ." ಜನ್ಮದಲ್ಲಿ ವಿಮೆ ಮಾಡಿಸದ ಮನುಷ್ಯನಿಗೆ ದಿನಕ್ಕೆ ಹದಿನೆಂಟು ಸಲ ವಿಮೆ ಮುಗಿಯತೊಡಗಿತು. ವಾಯ್ಸ್‌ಮೇಲಿನಲ್ಲಿ ಹಿಡಿಸುವುದು ಮೂವತ್ತು ಸಂದೇಶ. ಗಿರಾಕಿಗಳ ಯಂತ್ರಗಳಿಗೆ ಅಲ್ಲಿ ಒಂಟಿಕಾಲಲ್ಲಿ ನಿಲ್ಲಲೂ ಜಾಗವಿಲ್ಲದಾಯಿತು.

"ಕೇಳದೆ ಅಳಿಸಿ ಬಿಸಾಕೋ" ಎಂದಳು ಅಕ್ಕ.

"ಪೂರ್ತಿ ಕೇಳದೆ ಹೇಗೆ? ಕೆಲವು ಕಾಯಿಲೆ ಕೊನೇ ಸುತ್ತಲ್ಲೇ ಗೊತ್ತಾಗೋದು."

"ಅವಳೇನು ಹೊಲಿಗೆ ಮಿಷನ್ನಾ?"

ಮೂರು ಸಂಜೆ ಅವನು ಆಕೆಯನ್ನು ಕೊನೆಯ ಉಸಿರಿನವರೆಗೂ ಕೇಳಿದ. ಅದರಿಂದ ಎಷ್ಟು ಪಳಗಿದನೆಂದರೆ, ನಾಲ್ಕನೆಯ ಸಂಜೆಯಿಂದ "ನಿಮ್ಮ ಆರೋ" ಎನ್ನುವಷ್ಟರಲ್ಲಿ ಹೆಬ್ಬೆರಳು ತಾನಾಗಿಯೇ ಅಳಿಸಿ ಮುಗಿಸಿರುತ್ತಿತ್ತು.

ಎರಡು ವಾರ ಕಳೆದರೂ ಆಸ್ಪತ್ರೆಯಿಂದ ಸುದ್ದಿಯಿಲ್ಲ. ಇಬ್ಬರೂ ಅಲ್ಲಿಗೇ ಹೋದರು. ಕೌಂಟರಿನ ಗುಮಾಸ್ತೆ ಪಟ್ಟಿ ನೋಡಿದಳು. "ಮೂರು ಸಲ ಸಂದೇಶ ಬಿಟ್ಟಿದ್ದೀವಲ್ಲ. ನಿಮ್ಮ ಸರದಿ ಬೇರೆಯವರಿಗೆ ಹೋಯ್ತು."

"ಏನಂತ ಬಿಟ್ರಿ?" ಕಿವಿಯಣ್ಣ ಕೇಳಿದ.

"ನಿಮ್ಮ ಆರೋಗ್ಯ ತಪಾಸಣೆ ವಿಚಾರವಾಗಿ, ಅಂತ."

ಕಿವಿಯಣ್ಣ ತನ್ನ ಹೆಬ್ಬೆರಳು ನೋಡಿಕೊಂಡ. ಅಕ್ಕ ಅವನತ್ತ ತಿರುಗಿದಳು. ಎರಡು ಪೊರೆ ದಾಟಿ ಬಂದರೂ ಆ ನೋಟಕ್ಕೆ ಅವನ ಅಂಗಿ ಸೀದ ವಾಸನೆ ಬಂತು.

"ನಿಮ್ಮೊಬ್ಬರದೇ ಅಲ್ಲ ಬಿಡಿ" ಎಂದಳು ಗುಮಾಸ್ತೆ. "ಆ ವಿಮೆ ಫೋನಿನ ಕಾಟಕ್ಕೆ ಈ ತಿಂಗಳು ಅರ್ಧ ಜನ ನಮ್ಮನ್ನೇ ಕಳ್ಳರು ಅಂದ್ಕೊಂಡಿದ್ದಾರೆ. ನಾಳೆ ಹನ್ನೊಂದು ಗಂಟೆಗೆ ಆಪರೇಷನ್ ಇರೋರು ಫೋನ್ ಎತ್ತಿ ಬೈದು ಇಡ್ತಾರೆ. ಬೇಕಾದ್ರೆ ಅವರ ಜಾಗಕ್ಕೆ ನೀವು ಬನ್ನಿ."

ಆಯ್ತು ಎನ್ನಲು ಕಿವಿಯಣ್ಣ ಬಾಯಿ ತೆರೆದ. ಅಕ್ಕ ಅವನ ತೋಳು ಹಿಡಿದಳು. "ಅವರಿಗೂ ಕಣ್ಣು ಕಾಣಲ್ಲ ತಾನೆ? ಇನ್ನೊಂದ್ಸಲ ಮಾಡಿ ನೋಡಿ ತಾಯಿ."

ಗುಮಾಸ್ತೆ ಸ್ಪೀಕರ್ ಹಾಕಿ ಫೋನ್ ಮಾಡಿದಳು. "ನಿಮ್ಮಂಥೋರನ್ನ ನೂರು ಜನ ನೋಡಿದ್ದೀನಿ" ಎಂದಿತು ಒಂದು ಮುದಿ ಗಂಟಲು. ಕಿವಿಯಣ್ಣ ನಡುವೆ ಬಾಯಿ ಹಾಕಿದ. "ದಯವಿಟ್ಟು ನಂಬಿ ಸಾರ್, ಇದು ನಿಜವಾದ ಆಸ್ಪತ್ರೆ."

"ನಿಜವಾದ ಆಸ್ಪತ್ರೆಯವರು ಹಾಗಂತ ಹೇಳ್ಕೊಳ್ಳಲ್ಲ."

ಅಕ್ಕ ಫೋನಿನತ್ತ ಬಗ್ಗಿದಳು. "ನೋಡ್ರೀ, ನಿಮ್ಮ ದುಡ್ಡೂ ಬೇಡ, ಬ್ಯಾಂಕಿನ ನಂಬರೂ ಬೇಡ. ನಾಳೆ ನೀವು ಬರದಿದ್ರೆ ಆ ಮಂಚದ ಮೇಲೆ ನಾನು ಮಲಗ್ತೀನಿ. ನೀವು ಗೋಡೆ ತಡವ್ಕೊಂಡು ಬಚ್ಚಲಿಗೆ ಹೋಗ್ತಾ ಇರಿ. ನನಗೇನೂ ನಷ್ಟ ಇಲ್ಲ. ಬೇಡ ಅಂತ ಒಂದು ಮಾತು ಹೇಳಿ, ಇಡ್ತೀನಿ."

ಬೇಡ ಎನ್ನಿ ಎಂದು ಬೇಡುವ ಮೋಸಗಾರರನ್ನು ಆ ಮುದುಕ ಕಂಡಿರಲಿಲ್ಲವೇನೋ.

"ಹನ್ನೊಂದಕ್ಕೇ ಬರಬೇಕಾ, ಹತ್ತು ನಿಮಿಷ ಮೊದಲಾ?" ಎಂದ.

ಅವನ ಸರದಿ ಅವನಿಗೇ ಉಳಿಯಿತು. ಅಕ್ಕನಿಗೆ ಐದು ವಾರದಾಚೆಯ ಒಂದು ಮಂಗಳವಾರ ಸಿಕ್ಕಿತು. "ಹಿಂದಿನ ದಿನ ಫೋನ್ ಮಾಡಿ ನೆನಪಿಸ್ತೀವಿ" ಎಂದಳು ಗುಮಾಸ್ತೆ.

"ಬೇಡ. ಸೋಮವಾರ ನಾನೇ ಬಂದು ನಿಮಗೆ ನೆನಪಿಸ್ತೀನಿ."

ಹಾಗೆಯೇ ಮಾಡಿದಳು. ಮಂಗಳವಾರ ಬಲಗಣ್ಣಿನ ಪೊರೆ ತೆಗೆದರು. ವೈದ್ಯರು ಅಪ್ಪಣೆ ಕೊಟ್ಟ ದಿನವೇ ದರ್ಜಿಯ ಮುಂದೆ ಕೂತು, ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿ, ಹನ್ನೆರಡು ಅಂಗಿಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದಳು.